33ನೇ ವಾರದಲ್ಲಿ ಮಗು ಬ್ರೀಚ್: ಕೈರೋಪ್ರಾಕ್ಟಿಕ್ ಮಾಡಿಸಿದರೆ ತಿರುಗುವುದೇ?

ಪ್ರಶ್ನೆ: ಕೊರಟಗೆರೆಯ ಮಗಳು

ಎಲ್ಲರಿಗೂ ನಮಸ್ಕಾರ. ಇದು ನನ್ನ ಚೊಚ್ಚಲ ಬಸಿರು. ಈಗ 33ನೇ ವಾರ ನಡೆಯುತ್ತಿದೆ. ಸೀಮಂತ ಮುಗಿದ ಮೇಲೆ ಬೆಂಗಳೂರಿನಿಂದ ಕೊರಟಗೆರೆ ತಾಲ್ಲೂಕಿನ ತವರುಮನೆಗೆ ಬಂದಿದ್ದೇನೆ. ಹೆರಿಗೆಯನ್ನು ತುಮಕೂರಿನಲ್ಲಿ ಮಾಡಿಸುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದಾರೆ. ಮೊನ್ನೆಯ ಸ್ಕ್ಯಾನಿಂಗ್‌ನಲ್ಲಿ ಮಗು ಬ್ರೀಚ್ ಸ್ಥಿತಿಯಲ್ಲಿದೆ, ಎಂದರೆ ತಲೆ ನನ್ನ ಪಕ್ಕೆಲುಬಿನ ಕಡೆಗೂ ಕುಂಡೆ ಕೆಳಗೂ ಇದೆ ಎಂದು ತಿಳಿಯಿತು. ಮಗುವಿನ ತೂಕ, ನೀರಿನ ಪ್ರಮಾಣ ಎಲ್ಲವೂ ಸರಿಯಾಗಿದೆಯೆಂದು ವರದಿಯಲ್ಲಿದೆ. ವೈದ್ಯರು, ‘ಇನ್ನೂ ಸಮಯ ಇದೆ, 36ನೇ ವಾರಕ್ಕೆ ಬನ್ನಿ, ಆಗಲೂ ತಿರುಗದಿದ್ದರೆ ಸಿಸೇರಿಯನ್ ಮಾಡೋಣ’ ಎಂದಷ್ಟೇ ಹೇಳಿ ಮುಂದಿನ ಚೀಟಿಯ ಹೆಸರು ಕೂಗಿಸಿದರು. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದಾಗ ಕುಳಿತು ಪ್ರಶ್ನೆ ಕೇಳುವುದಕ್ಕೆ ನನಗೂ ಸಂಕೋಚವಾಯಿತು.

ನನ್ನ ಯಜಮಾನರ ಸಹೋದ್ಯೋಗಿಯೊಬ್ಬರ ಪತ್ನಿಗೂ ಹೀಗೆಯೇ ಆಗಿದ್ದಾಗ ಅವರು ಬೆಂಗಳೂರಿನಲ್ಲಿ ಕೈರೋಪ್ರಾಕ್ಟರ್ (ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸುವವರು) ಒಬ್ಬರ ಬಳಿ ‘ವೆಬ್‌ಸ್ಟರ್ ವಿಧಾನ’ದ ಚಿಕಿತ್ಸೆ ಪಡೆದರಂತೆ, ಆ ಬಳಿಕ ಮಗು ತಾನಾಗಿ ತಲೆ ಕೆಳಗೆ ಮಾಡಿಕೊಂಡಿತಂತೆ. ಬೆನ್ನಿನ ಬುಡದ ಮೂಳೆ ಸ್ವಲ್ಪ ಓರೆಯಾಗಿದ್ದರೆ ಗರ್ಭಚೀಲ ಒಂದು ಬದಿಗೆ ಬಿಗಿದುಕೊಳ್ಳುತ್ತದೆ, ಮೂಳೆಯನ್ನು ಸರಿಪಡಿಸಿದರೆ ಮಗುವಿಗೆ ತಿರುಗಲು ಜಾಗ ಸಿಗುತ್ತದೆ ಎಂಬುದು ಅಲ್ಲಿ ಅವರಿಗೆ ಕೊಟ್ಟ ವಿವರಣೆ. ವಾರಕ್ಕೆ ಎರಡು ಸಲವಾದರೂ ಹೋಗಬೇಕು, ಪ್ರತಿ ಸಲಕ್ಕೂ ಸಾವಿರಗಳ ಲೆಕ್ಕದಲ್ಲಿ ಖರ್ಚಿದೆ. ಹಣಕ್ಕಿಂತ ಹೆಚ್ಚಾಗಿ, ಈ ಹೊಟ್ಟೆ ಹೊತ್ತುಕೊಂಡು ನಮ್ಮೂರಿನಿಂದ ಬೆಂಗಳೂರಿಗೆ ಓಡಾಡುವುದು ತರವೇ ಎಂಬುದೇ ನನ್ನ ಚಿಂತೆ. ಸೊಂಟನೋವಂತೂ ವಿಪರೀತವಿದೆ, ರಾತ್ರಿ ಮಗ್ಗುಲು ಬದಲಿಸುವುದಕ್ಕೂ ಒದ್ದಾಡುತ್ತೇನೆ.

ಇತ್ತ ನಮ್ಮಜ್ಜಿಯದು ಬೇರೆಯೇ ಹಟ. ಪಕ್ಕದ ಹಳ್ಳಿಯಲ್ಲಿ ಹರಳೆಣ್ಣೆ ಹಚ್ಚಿ ಹೊಟ್ಟೆ ನೀವಿ ಮಗುವನ್ನು ತಿರುಗಿಸುವ ಹಿರಿಯರೊಬ್ಬರಿದ್ದಾರೆ, ನನ್ನ ಚಿಕ್ಕಮ್ಮನಿಗೂ ಅವರೇ ತಿರುಗಿಸಿದ್ದು, ಒಂದು ಕಾಸೂ ಖರ್ಚಿಲ್ಲ ಎನ್ನುತ್ತಾರೆ. ಎರಡೂ ಒಂದೇ ಬಗೆಯ ಕೆಲಸವೇ, ಒಂದಕ್ಕೆ ಮಾತ್ರ ಇಂಗ್ಲಿಷ್ ಹೆಸರಿದೆಯೇ ಎಂಬ ಗೊಂದಲದಲ್ಲಿದ್ದೇನೆ. ತಿಳಿದವರು, ಅನುಭವವುಳ್ಳವರು ದಯವಿಟ್ಟು ಹೇಳಿ.

ಉತ್ತರ 1: ನಿವೃತ್ತ ಶುಶ್ರೂಷಕಿ, ತುಮಕೂರು

ತಂಗಿ, ಮೊದಲು ಅಜ್ಜಿಯ ವಿಷಯವನ್ನು ಮುಗಿಸಿಬಿಡೋಣ, ಏಕೆಂದರೆ ಅದು ನಾಳೆ ಬೆಳಿಗ್ಗೆಯೇ ನಿಮ್ಮ ಮನೆಯಲ್ಲಿ ನಡೆದುಹೋಗಬಹುದಾದ ಕೆಲಸ. ಹೊಟ್ಟೆಗೆ ಎಣ್ಣೆ ಸವರಿಕೊಳ್ಳುವುದರಿಂದ ಯಾವ ದೋಷವೂ ಇಲ್ಲ. ಆದರೆ ಸ್ಕ್ಯಾನಿಂಗ್ ವರದಿಯನ್ನು ಓದದವರು, ಮಾಸು ಎಲ್ಲಿ ಅಂಟಿಕೊಂಡಿದೆಯೆಂದು ಅರಿಯದವರು ಮನೆಯಲ್ಲಿ ಕೂರಿಸಿಕೊಂಡು ಒತ್ತಿ ತಿರುಗಿಸಲು ಹೊರಟರೆ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಂಡು ಒಳಗೇ ರಕ್ತಸ್ರಾವವಾಗಬಹುದು, ಮಗುವಿನ ಹೃದಯದ ಬಡಿತ ಇಳಿದರೂ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಸೂಲಗಿತ್ತಿಯರ ಬಗ್ಗೆ ನನಗೆ ಅಗೌರವವಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟ ಜಿಲ್ಲೆ ನಮ್ಮದು. ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ಅಂಥವರ ಕೈಯೇ ದಿಕ್ಕಾಗಿತ್ತು. ಇಂದು ನಿಮ್ಮ ಊರಿನಿಂದ ಒಂದು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯ ಕೊಠಡಿ ಸಿಗುವಾಗ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ ಎನ್ನುವುದಷ್ಟೇ ನನ್ನ ಮಾತು. ಅಜ್ಜಿಗೆ ನೋವಾಗದಂತೆ, ‘ಡಾಕ್ಟರು ಹೊಟ್ಟೆ ಮುಟ್ಟಬಾರದು ಅಂದಿದಾರೆ’ ಎಂದು ಹೇಳಿಬಿಡಿ. ತಲೆಗೆ, ಕಾಲಿಗೆ ಎಣ್ಣೆ ಹಚ್ಚುವ ಕೆಲಸವನ್ನು ಅವರಿಗೇ ಬಿಡಿ.

ಇನ್ನು, 33ನೇ ವಾರಕ್ಕೆ ಬ್ರೀಚ್ ಎಂದರೆ ಗಾಬರಿಯಾಗುವಂಥದ್ದೇನೂ ಅಲ್ಲ. 28ನೇ ವಾರದಲ್ಲಿ ನೋಡಿದರೆ ನೂರರಲ್ಲಿ ಸುಮಾರು 20ರಿಂದ 25 ಶಿಶುಗಳು ಹೀಗೇ ಕುಳಿತಿರುತ್ತವೆ. ದಿನ ತುಂಬುವ ಹೊತ್ತಿಗೆ ಹಾಗೆ ಉಳಿಯುವುದು ನೂರಕ್ಕೆ ಮೂರೋ ನಾಲ್ಕೋ ಮಾತ್ರ. ಮಿಕ್ಕವೆಲ್ಲ ಯಾರ ಕೈಯೂ ತಾಗದೆ ತಾವಾಗಿ ತಿರುಗಿಕೊಂಡವು. ನಿಮ್ಮ ವೈದ್ಯರು 36ನೇ ವಾರಕ್ಕೆ ಬರಹೇಳಿದ್ದು ಉದಾಸೀನದಿಂದಲ್ಲ, ಈ ಲೆಕ್ಕದಿಂದಲೇ. ಅದನ್ನು ಬಿಡಿಸಿ ಹೇಳಲು ಆ ಜನಜಂಗುಳಿಯಲ್ಲಿ ಅವರಿಗೆ ಬಿಡುವಾಗಿಲ್ಲ.

ನಡುವೆ ಒಂದು ಸಲ ತೋರಿಸಿಕೊಳ್ಳಬೇಕೆನಿಸಿದರೆ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ಅನುಭವವಿರುವ ಕೈಗೆ ಹೊಟ್ಟೆಯ ಮೇಲಿಂದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ: ತಲೆ ಗಟ್ಟಿಯಾಗಿ, ಗುಂಡಗೆ ಇದ್ದು ಎರಡು ಕೈಗಳ ನಡುವೆ ಅತ್ತಿತ್ತ ಆಡುತ್ತದೆ; ಕುಂಡೆ ಮೆತ್ತಗೆ, ಅಗಲವಾಗಿ ಸಿಗುತ್ತದೆ, ಅದನ್ನು ಅಲ್ಲಾಡಿಸಿದರೆ ಮಗುವಿನ ಮೈಯೆಲ್ಲ ಜೊತೆಗೇ ಅಲ್ಲಾಡುತ್ತದೆ. ಮಗುವಿನ ಬಡಿತ ಹೊಕ್ಕುಳಿಗಿಂತ ಮೇಲೆ ಸ್ಪಷ್ಟವಾಗಿ ಕೇಳಿಸಿದರೆ ಬ್ರೀಚ್ ಇರಬಹುದೆಂದು ನಾವು ಅನುಮಾನಿಸುತ್ತಿದ್ದೆವು. ಒದೆತ ಕೆಳಗೆ, ಮೂತ್ರಕೋಶದ ಮೇಲೆ ಬೀಳುತ್ತಿದ್ದರೆ ಅದೂ ಒಂದು ಸುಳಿವು. ಕೊನೆಗೆ ಖಚಿತಪಡಿಸುವುದು ಸ್ಕ್ಯಾನಿಂಗೇ.

ಕೈರೋಪ್ರಾಕ್ಟಿಕ್ ನನ್ನ ವಿಷಯವಲ್ಲ. ಬಲ್ಲವರು ಬರೆಯಲಿ.

ಉತ್ತರ 2: ಫಿಸಿಯೋಥೆರಪಿಸ್ಟ್, ಶಿರಾ ಗೇಟ್

ನಾನು ಗರ್ಭಿಣಿಯರ ಸೊಂಟ ಹಾಗೂ ಬೆನ್ನುನೋವಿಗೆ ಚಿಕಿತ್ಸೆ ನೀಡುವವಳು. ಕೈರೋಪ್ರಾಕ್ಟಿಕ್ ನನ್ನ ವೃತ್ತಿಯಲ್ಲದಿದ್ದರೂ ಈ ವಿಧಾನದ ಬಗ್ಗೆ ರೋಗಿಗಳು ಆಗಾಗ ಕೇಳುವುದರಿಂದ ಸ್ವಲ್ಪ ಓದಿಕೊಂಡಿದ್ದೇನೆ. ತುಸು ದೀರ್ಘವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕೈರೋಪ್ರಾಕ್ಟಿಕ್ ಎಂಬ ಪದ್ಧತಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ 1895ರಲ್ಲಿ ಡಿ.ಡಿ. ಪಾಮರ್ ಎಂಬಾತನಿಂದ ಶುರುವಾಯಿತು. ಬೆನ್ನುಮೂಳೆಯ ಕೀಲುಗಳು ಸ್ಥಾನ ತಪ್ಪುವುದೇ ಹಲವು ಕಾಯಿಲೆಗಳಿಗೆ ಕಾರಣ, ಅವನ್ನು ಕೈಯಿಂದ ಸರಿಪಡಿಸಿದರೆ ದೇಹ ತಾನಾಗಿ ಸುಧಾರಿಸುತ್ತದೆ ಎಂಬುದು ಅದರ ಮೂಲ ನಂಬಿಕೆ. ಬ್ರೀಚ್‌ಗೆ ಸಂಬಂಧಿಸಿದ ವಿಧಾನವನ್ನು ರೂಪಿಸಿದವರು ಲ್ಯಾರಿ ವೆಬ್‌ಸ್ಟರ್ ಎಂಬ ಅಮೆರಿಕನ್ ಕೈರೋಪ್ರಾಕ್ಟರ್. ಮಕ್ಕಳ ಹಾಗೂ ಗರ್ಭಿಣಿಯರ ಕೈರೋಪ್ರಾಕ್ಟಿಕ್‌ಗೆಂದು 1986ರಲ್ಲಿ ಒಂದು ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದವರೂ ಅವರೇ.

ಮಾಡುವುದು ಹೀಗೆ. ಗರ್ಭಿಣಿಯನ್ನು ಹೊಟ್ಟೆಗೆ ಒತ್ತಡ ಬೀಳದಂತೆ ದಿಂಬುಗಳ ಮೇಲೆ, ಇಲ್ಲವೇ ಹೊಟ್ಟೆಯ ಜಾಗದಲ್ಲಿ ತಗ್ಗಿಸಬಹುದಾದ ಮಂಚದ ಮೇಲೆ ಬೋರಲು ಮಲಗಿಸುತ್ತಾರೆ. ಎರಡೂ ಹಿಮ್ಮಡಿಗಳನ್ನು ಹಿಡಿದು ಮಂಡಿ ಮಡಿಸಿ ಕುಂಡೆಯ ಕಡೆಗೆ ತರುತ್ತಾರೆ. ಯಾವ ಕಾಲು ಹೆಚ್ಚು ಬಿಗಿಯೋ ಆ ಬದಿಯಲ್ಲಿ ತ್ರಿಕಾಸ್ಥಿ, ಅಂದರೆ ಬೆನ್ನುಮೂಳೆಯ ಬುಡದ ಮುಕ್ಕೋನದ ಮೂಳೆ, ಓರೆಯಾಗಿದೆಯೆಂದು ತೀರ್ಮಾನಿಸಿ ಅಲ್ಲಿ ಕೈಯಿಂದ ಚುಟುಕಾದ ಒತ್ತು ಕೊಡುತ್ತಾರೆ. ಆಮೇಲೆ ಅಂಗಾತವಾಗಿ ತಿರುಗಿಸಿ, ಎದುರು ಬದಿಯ ಕಿಬ್ಬೊಟ್ಟೆಯಲ್ಲಿ ಗರ್ಭಕೋಶವನ್ನು ಹಿಡಿದಿಟ್ಟ ದುಂಡು ನಾರಿನ ಮೇಲೆ ಹೆಬ್ಬೆರಳಿನಿಂದ ಹಗುರವಾಗಿ ಒತ್ತುತ್ತಾರೆ. ಮಗುವನ್ನು ಕೈಯಿಂದ ನೇರವಾಗಿ ತಳ್ಳುವುದಿಲ್ಲ. ಆದ್ದರಿಂದ ಅಜ್ಜಿ ಹೇಳಿದ ಕೆಲಸವೂ ಇದೂ ಒಂದೇ ಅಲ್ಲ. ಅಪಾಯದ ದೃಷ್ಟಿಯಿಂದ ಇದು ಬಹಳ ಮೃದುವಾದದ್ದು.

ವಿವರಣೆ ಕೇಳಲು ಚೆನ್ನಾಗಿದೆ. ಗರ್ಭಕೋಶದ ಕೆಲವು ನಾರುಗಳು ತ್ರಿಕಾಸ್ಥಿಗೆ ಅಂಟಿಕೊಂಡಿರುವುದೂ ನಿಜ. ಆದರೆ ಆ ಮೂಳೆ ಕೂದಲೆಳೆಯಷ್ಟು ಓರೆಯಾದರೆ ಗರ್ಭಕೋಶ ತಿರುಚಿಕೊಳ್ಳುತ್ತದೆ, ಅದರಿಂದಲೇ ಮಗು ತಲೆ ಮೇಲಾಗಿ ಕೂರುತ್ತದೆ ಎಂಬ ಕೊಂಡಿಗೆ ಆಧಾರವಿಲ್ಲ. ಮಗು ಬ್ರೀಚ್ ಆಗಿ ಉಳಿಯಲು ಗೊತ್ತಿರುವ ಕಾರಣಗಳು ಬೇರೆ: ಗರ್ಭಕೋಶದ ಆಕಾರದಲ್ಲಿ ವ್ಯತ್ಯಾಸ, ಫೈಬ್ರಾಯ್ಡ್ ಗಡ್ಡೆ, ಮಾಸು ಕೆಳಗೆ ಕುಳಿತಿರುವುದು, ನೀರು ತೀರ ಕಡಿಮೆ ಅಥವಾ ತೀರ ಹೆಚ್ಚು ಇರುವುದು, ಅವಳಿ, ದಿನ ತುಂಬದಿರುವುದು. ಎಷ್ಟೋ ಬಾರಿ ಯಾವ ಕಾರಣವೂ ಸಿಗುವುದಿಲ್ಲ. ಈ ಪಟ್ಟಿಯಲ್ಲಿ ಮೂಳೆಯ ಮೇಲೆ ಒತ್ತಿದರೆ ಸರಿಹೋಗುವಂಥದ್ದು ಒಂದೂ ಇಲ್ಲ.

ಜಾಲತಾಣಗಳಲ್ಲಿ ಶೇ. 82ರಷ್ಟು ಯಶಸ್ಸು ಎಂಬ ಅಂಕಿ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಅದು ಬಂದದ್ದು 2002ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಿಂದ. ಅದೇ ಸಂಘದ ಸಾವಿರಕ್ಕೂ ಹೆಚ್ಚು ಕೈರೋಪ್ರಾಕ್ಟರ್ ಸದಸ್ಯರಿಗೆ ಅಂಚೆಯಲ್ಲಿ ಪ್ರಶ್ನಾವಳಿ ಕಳುಹಿಸಿ, ತಿರುಗಿ ಬಂದ 187ನ್ನು ಆಧರಿಸಿ ಬರೆದದ್ದು. ಉತ್ತರ ಕೊಟ್ಟವರು ಚಿಕಿತ್ಸೆ ಮಾಡಿದವರೇ. ಚಿಕಿತ್ಸೆ ಪಡೆಯದ ತಾಯಂದಿರ ಜೊತೆ ಹೋಲಿಕೆಯೇ ಇಲ್ಲ. ಯಶಸ್ಸು ಕಂಡವರು ಉತ್ಸಾಹದಿಂದ ಬರೆದು, ಕಾಣದವರು ಲಕೋಟೆಯನ್ನು ಮೇಜಿನ ಮೇಲೆಯೇ ಬಿಟ್ಟಿರುವುದು ಸಹಜ. ಅದಕ್ಕಿಂತ ಮುಖ್ಯವಾಗಿ, ಮೇಲಿನ ಉತ್ತರದಲ್ಲಿ ಶುಶ್ರೂಷಕಿಯವರು ಕೊಟ್ಟ ಅಂಕಿಗಳನ್ನೇ ಕೂಡಿಸಿ ಕಳೆದು ನೋಡಿ: 28ನೇ ವಾರದಲ್ಲಿ 25 ಇದ್ದದ್ದು ಕೊನೆಗೆ 4 ಆಗುವುದಾದರೆ, ಏನೂ ಮಾಡದೆ ಸುಮ್ಮನೆ ಮನೆಯಲ್ಲಿದ್ದವರಲ್ಲಿಯೂ ನೂರಕ್ಕೆ 80ಕ್ಕಿಂತ ಹೆಚ್ಚು ಶಿಶುಗಳು ತಿರುಗಿರುತ್ತವೆ. ಆ ಅವಧಿಯಲ್ಲಿ ಬೆನ್ನು ಒತ್ತಿಸಿಕೊಂಡವರಿಗೆ ಒತ್ತಿದವರ ಕೈಗುಣ ಕಾಣುತ್ತದೆ, ದೇವರಿಗೆ ಹರಕೆ ಹೊತ್ತವರಿಗೆ ಹರಕೆಯ ಫಲ ಕಾಣುತ್ತದೆ. ನಿಮ್ಮ ಯಜಮಾನರ ಸಹೋದ್ಯೋಗಿ ಸುಳ್ಳು ಹೇಳುತ್ತಿಲ್ಲ. ಚಿಕಿತ್ಸೆಯೂ ಆಯಿತು, ಮಗುವೂ ತಿರುಗಿತು. ಇದರಿಂದ ಅದಾಯಿತೆನ್ನಲು ಬೇಕಾದ ಪ್ರಯೋಗ, ಅಂದರೆ ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಚಿಕಿತ್ಸೆ ಕೊಟ್ಟು ನೋಡುವ ಕೆಲಸ, ಈ ವಿಧಾನದ ಮಟ್ಟಿಗೆ ಆಗಿಲ್ಲ. ಕುತೂಹಲದ ಸಂಗತಿಯೆಂದರೆ ವೆಬ್‌ಸ್ಟರ್ ಕಟ್ಟಿದ ಆ ಸಂಘವೇ ಈಗ ಇದನ್ನು ಮಗು ತಿರುಗಿಸುವ ಚಿಕಿತ್ಸೆಯೆಂದು ಕರೆಯುವುದಿಲ್ಲ, ಸೊಂಟದ ಕೀಲುಗಳ ಚಲನೆಗೆ ಸಂಬಂಧಿಸಿದ್ದು ಎನ್ನುತ್ತದೆ. ನಮ್ಮ ಕಡೆಯ ಜಾಹೀರಾತುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಾಗೆಂದು ಅದರಿಂದ ಏನೂ ಉಪಯೋಗವಿಲ್ಲ ಎನ್ನಲಾರೆ. ಬಸಿರಿನಲ್ಲಿ ರಿಲ್ಯಾಕ್ಸಿನ್ ಮುಂತಾದ ಹಾರ್ಮೋನುಗಳಿಂದ ಸೊಂಟದ ನಾರುಗಳು ಸಡಿಲವಾಗುತ್ತವೆ, ಹೊಟ್ಟೆಯ ಭಾರ ಮುಂದಕ್ಕೆ ಜಗ್ಗುತ್ತದೆ, ನಡೆಯುವಾಗ ಮತ್ತು ಮಗ್ಗುಲಾಗುವಾಗ ನೋವು ಬರುತ್ತದೆ. ನೀವು ಹೇಳಿದ ರಾತ್ರಿಯ ಒದ್ದಾಟ ಅದೇ. ಕೈಯಿಂದ ಮಾಡುವ ಚಿಕಿತ್ಸೆಯಿಂದ ಕೆಲವರಿಗೆ ಹಾಯೆನಿಸುತ್ತದೆ. ಆದರೆ ಅಷ್ಟಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ತುಮಕೂರಿನಲ್ಲಿಯೇ ಗರ್ಭಿಣಿಯರನ್ನು ನೋಡಿ ಅಭ್ಯಾಸವಿರುವ ಫಿಸಿಯೋಥೆರಪಿಸ್ಟ್ ಸಿಗುತ್ತಾರೆ. ಮಂಡಿಗಳ ನಡುವೆ ದಿಂಬಿಟ್ಟು ಎಡಮಗ್ಗುಲಾಗಿ ಮಲಗಿ. ಏಳುವಾಗ ಎರಡೂ ಮಂಡಿಗಳನ್ನು ಜೋಡಿಸಿಕೊಂಡೇ ಹೊರಳಿ. ಸೊಂಟದ ಪಟ್ಟಿಯನ್ನು ಅಳತೆ ನೋಡಿ ಕಟ್ಟಿಸಿಕೊಳ್ಳಿ. ಒಂದೇ ಕಾಲ ಮೇಲೆ ನಿಂತು ಸೀರೆಯನ್ನಾಗಲಿ ಪ್ಯಾಂಟನ್ನಾಗಲಿ ಉಡುವ ಬದಲು ಕುಳಿತು ಉಡಿ. ಇಷ್ಟರಿಂದಲೇ ಎಷ್ಟೋ ಜನರಿಗೆ ನಿದ್ದೆ ಬರುತ್ತದೆ.

ಕೈರೋಪ್ರಾಕ್ಟರ್ ಬಳಿ ಹೋಗಿಯೇ ತೀರುವುದಾದರೆ ನನ್ನ ಷರತ್ತುಗಳಿವೆ. ನಮ್ಮ ದೇಶದಲ್ಲಿ ವೈದ್ಯರಿಗೆ, ದಂತವೈದ್ಯರಿಗೆ ಇರುವಂತೆ ಕೈರೋಪ್ರಾಕ್ಟರುಗಳನ್ನು ನೋಂದಾಯಿಸುವ ಪ್ರತ್ಯೇಕ ಶಾಸನಬದ್ಧ ಮಂಡಳಿ ಇಲ್ಲವಾದ್ದರಿಂದ ಅವರು ಎಲ್ಲಿ, ಎಷ್ಟು ವರ್ಷ ಓದಿದ್ದಾರೆಂದು ನೀವೇ ಕೇಳಿ ತಿಳಿಯಬೇಕು. ಕತ್ತು ತಿರುಚಿ ‘ಟಕ್’ ಎನ್ನಿಸುವುದಕ್ಕೆ ಒಪ್ಪಬೇಡಿ. ಮಗುವಿನ ಸ್ಥಿತಿಗೂ ಕತ್ತಿಗೂ ಏನು ಸಂಬಂಧ? ಬಹಳ ಹೊತ್ತು ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು, ತಕ್ಷಣ ಮಗ್ಗುಲಾಗಿ. ರಕ್ತಸ್ರಾವ, ನೀರು ಸೋರಿಕೆ, ಅಧಿಕ ರಕ್ತದೊತ್ತಡ, ಕೆಳಗೆ ಕುಳಿತ ಮಾಸು, ಇವುಗಳಲ್ಲಿ ಯಾವುದಿದ್ದರೂ ಆ ಯೋಚನೆಯನ್ನೇ ಬಿಡಿ. ಎಲ್ಲಕ್ಕಿಂತ ಹೆಚ್ಚಾಗಿ, ‘ಇನ್ನೊಂದೆರಡು ಸಿಟ್ಟಿಂಗ್ ಆಗಲಿ, ಆಮೇಲೆ ಆಸ್ಪತ್ರೆಗೆ ಹೋದರಾಯಿತು’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 36ನೇ ವಾರ ಬಹಳ ಬೆಲೆಯುಳ್ಳದ್ದು. ಏಕೆಂದು ಪ್ರಸೂತಿ ತಜ್ಞರು ಯಾರಾದರೂ ಬರೆದರೆ ಒಳ್ಳೆಯದು.

ಉತ್ತರ 3: ಎರಡು ಮಕ್ಕಳ ತಾಯಿ, ಕೋಲಾರ

ನಾನು ಕೈರೋಪ್ರಾಕ್ಟಿಕ್ ಚಿಕಿತ್ಸೆಯನ್ನೂ ಆಸ್ಪತ್ರೆಯಲ್ಲಿ ವೈದ್ಯರು ಮಗುವನ್ನು ತಿರುಗಿಸುವುದನ್ನೂ ಕಂಡವಳಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಎರಡನೆಯ ಬಸಿರಿನಲ್ಲಿ ಮಗು ಬ್ರೀಚ್ ಆಗಿತ್ತು. ನಮ್ಮ ಅತ್ತೆಯವರು ಗಡಿಯಾಚೆಯ ಪುತ್ತೂರು ಕಟ್ಟಿನ ಮೇಲೆ ಅಪಾರ ನಂಬಿಕೆಯುಳ್ಳವರು. ಮೂಳೆಗೆ ಸಂಬಂಧಿಸಿದ್ದೆಂದು ಯಾರೋ ಹೇಳಿದ್ದೇ ತಡ, ಅಲ್ಲಿಗೇ ಕರೆದೊಯ್ಯಲು ಸಿದ್ಧರಾದರು. ಅದನ್ನು ತಪ್ಪಿಸಿಕೊಳ್ಳಲೆಂದೇ ನಾನು ಬೆಂಗಳೂರಿನ ಕೈರೋಪ್ರಾಕ್ಟರ್ ಬಳಿಗೆ ಹೋದೆ ಎಂದರೂ ತಪ್ಪಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಒದ್ದರೆ ಉಳುಕು ಹೋಗುತ್ತದೆಂದು ನಮ್ಮ ಕಡೆ ನಂಬುತ್ತಾರಲ್ಲ. ಇಲ್ಲಿ ನೋಡಿದರೆ ಕಾಲು ಮುಂದಾದ ಮಗುವಿಗಾಗಿ ನನ್ನ ಬೆನ್ನಿನ ಉಳುಕು ತೆಗೆಯಲು ಹೊರಟಿದ್ದರು.

ಚಿಕಿತ್ಸೆ ಒರಟಾಗಿರಲಿಲ್ಲ. ಸೊಂಟ ಹಗುರವಾಯಿತು, ಅದನ್ನು ಒಪ್ಪುತ್ತೇನೆ. ಮಗು ಮಾತ್ರ ಕದಲಲಿಲ್ಲ. ಮುಂಗಡವಾಗಿ ಪ್ಯಾಕೇಜ್ ಹಣ ಕಟ್ಟಿಸಿಕೊಳ್ಳುವ ಪದ್ಧತಿ ನನಗೆ ಹಿಡಿಸಲಿಲ್ಲ. ಮಗು ತಿರುಗಿಬಿಟ್ಟರೆ ಉಳಿದ ಹಣ ವಾಪಸ್ಸೇ ಎಂದು ಕೇಳಿದಾಗ, ‘ಹೆರಿಗೆಯಾದ ಮೇಲೂ ಬರಬಹುದು ಮೇಡಂ’ ಎಂದರು.

ಬಳಿಕ 37ನೇ ವಾರದಲ್ಲಿ ನಮ್ಮ ಪ್ರಸೂತಿ ತಜ್ಞೆಯ ಸಲಹೆಯಂತೆ ಆಸ್ಪತ್ರೆಯಲ್ಲಿ ಇ.ಸಿ.ವಿ. ಮಾಡಿಸಿಕೊಂಡೆ, ಅಂದರೆ ವೈದ್ಯರೇ ಹೊಟ್ಟೆಯ ಮೇಲಿಂದ ಮಗುವನ್ನು ತಿರುಗಿಸುವುದು. ಹೆದರಿಕೆಯಾಗುತ್ತಿದ್ದರೆ ಹೇಗಿರುತ್ತದೆಂದು ಕೇಳಿ. ಬೆಳಿಗ್ಗೆ ಏನೂ ತಿನ್ನದೆ ಬರಲು ಹೇಳಿದ್ದರು. ಮೊದಲು ಅರ್ಧ ಗಂಟೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಬಡಿತವನ್ನು ಕಾಗದದ ಮೇಲೆ ಬರೆಸಿಕೊಂಡರು. ಗರ್ಭಕೋಶ ಸಡಿಲಾಗಲೆಂದು ಒಂದು ಇಂಜೆಕ್ಷನ್ ಕೊಟ್ಟರು. ಅದರಿಂದ ಎದೆ ಢವಢವ ಎಂದು ಕೈ ನಡುಗಿತು, ಅದು ಔಷಧದ ಗುಣವೆಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹೊಟ್ಟೆಗೆ ಜೆಲ್ ಹಚ್ಚಿ, ಒಂದು ಕೈಯಿಂದ ಕುಂಡೆಯನ್ನು ಕಿಬ್ಬೊಟ್ಟೆಯಿಂದ ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ತಲೆಯನ್ನು ಬದಿಯಿಂದ ಕೆಳಕ್ಕೆ ಸರಿಸಿದರು. ಒತ್ತಡ ಜೋರಾಗಿಯೇ ಇತ್ತು, ನಾನು ಉಸಿರು ಬಿಗಿಹಿಡಿದಾಗಲೆಲ್ಲ ನಿಲ್ಲಿಸುತ್ತಿದ್ದರು, ನಡುನಡುವೆ ಸ್ಕ್ಯಾನ್ ಇಟ್ಟು ಬಡಿತ ನೋಡುತ್ತಿದ್ದರು. ಒಂದು ಹಂತದಲ್ಲಿ ಹೊಟ್ಟೆಯೊಳಗೆ ದೊಡ್ಡದೇನೋ ಉರುಳಿದ ಹಾಗಾಗಿ, ಹೊಟ್ಟೆಯ ಆಕಾರವೇ ಬದಲಾಯಿತು. ಮತ್ತೆ ಅರ್ಧ ಗಂಟೆ ಬೆಲ್ಟ್ ಕಟ್ಟಿ ನೋಡಿ ಸಂಜೆ ಮನೆಗೆ ಕಳುಹಿಸಿದರು. ಹೆರಿಗೆ ನಾರ್ಮಲ್ ಆಯಿತು. ನನಗೆ ಎರಡನೆಯ ಬಸಿರಾದ್ದರಿಂದ ಸುಲಭವಾಯಿತೆಂದು ತಜ್ಞೆ ಹೇಳಿದರು. ನಿಮಗೂ ಹೀಗೆಯೇ ಆಗುತ್ತದೆಂದು ನಾನು ಹೇಳುವಂತಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು: ಕೊರಟಗೆರೆಯ ಮಗಳು

ಮೂವರಿಗೂ ಧನ್ಯವಾದಗಳು. ಅಜ್ಜಿಯವರು ಸದ್ಯಕ್ಕೆ ಸುಮ್ಮನಾಗಿದ್ದಾರೆ. ಈ ಇ.ಸಿ.ವಿ. ಎಂಬುದರ ಸುದ್ದಿಯನ್ನೇ ನನ್ನ ವೈದ್ಯರು ಎತ್ತಲಿಲ್ಲ. ಚೊಚ್ಚಲಿಗೆ ಇದು ಆಗುವುದೇ? ಕಾಲ್ಬೆರಳಿಗೆ ಶಾಖ ಕೊಡುವ ಚೀನೀ ಪದ್ಧತಿ, ಮಂಡಿಯೂರಿ ಕುಂಡೆ ಎತ್ತಿ ಮಲಗುವ ಆಸನ, ಇವೆಲ್ಲವನ್ನೂ ವಿಡಿಯೋಗಳಲ್ಲಿ ತೋರಿಸುತ್ತಾರೆ, ಅವುಗಳಿಂದಾದರೂ ಉಪಯೋಗವಿದೆಯೇ?

ಉತ್ತರ 4: ಪ್ರಸೂತಿ ತಜ್ಞೆ, ಚಿಕ್ಕಬಳ್ಳಾಪುರ

ಚೊಚ್ಚಲಿಗೂ ಆಗುತ್ತದೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಚೊಚ್ಚಲಿನವರಿಗೆ 36ನೇ ವಾರದಿಂದ, ಮೊದಲೇ ಹೆತ್ತವರಿಗೆ 37ನೇ ವಾರದಿಂದ ಇದನ್ನು ಮಾಡಬಹುದು. ಒಟ್ಟಾರೆ ಯಶಸ್ಸು ಸುಮಾರು ಅರ್ಧದಷ್ಟು; ಚೊಚ್ಚಲಿನವರಲ್ಲಿ ಶೇ. 40ರ ಆಸುಪಾಸು, ಇತರರಲ್ಲಿ ಶೇ. 60ರ ಆಸುಪಾಸು. ಹೋಲಿಕೆಗೆ ಒಂದು ಅಂಕಿ ಹೇಳುತ್ತೇನೆ: ಚೊಚ್ಚಲಿನಲ್ಲಿ 36ನೇ ವಾರಕ್ಕೂ ಬ್ರೀಚ್ ಇದ್ದ ಮಗು ಆಮೇಲೆ ತಾನಾಗಿ ತಿರುಗುವುದು ನೂರಕ್ಕೆ ಸುಮಾರು 8ರಲ್ಲಿ ಮಾತ್ರ. ಫಿಸಿಯೋಥೆರಪಿಸ್ಟ್ ಅವರು 36ನೇ ವಾರಕ್ಕೆ ಬೆಲೆಯಿದೆ ಎಂದದ್ದು ಇದಕ್ಕಾಗಿಯೇ. ಅಲ್ಲಿಯವರೆಗೆ ಕಾಯುವುದು ಜಾಣತನ. ಅದಾದ ಮೇಲೂ ‘ತಿರುಗೀತು’ ಎಂದು ಬೇರೆ ಬೇರೆ ಬಾಗಿಲು ತಟ್ಟುತ್ತ ಕೂತರೆ ಮಗು ಬೆಳೆಯುತ್ತದೆ, ಜಾಗ ಕಿರಿದಾಗುತ್ತದೆ, ಕುಂಡೆ ಕೆಳಗಿಳಿದು ಸಿಕ್ಕಿಕೊಳ್ಳುತ್ತದೆ, ನಮ್ಮ ಕೈಗೂ ಸಿಗುವುದಿಲ್ಲ.

ಅಪಾಯ ಇಲ್ಲವೇ ಇಲ್ಲವೆಂದಲ್ಲ. ಇನ್ನೂರು ಮಂದಿಯಲ್ಲಿ ಸುಮಾರು ಒಬ್ಬರಿಗೆ ತುರ್ತು ಸಿಸೇರಿಯನ್ ಬೇಕಾಗಬಹುದು. ಅದಕ್ಕಾಗಿಯೇ ಇದನ್ನು ಶಸ್ತ್ರಚಿಕಿತ್ಸೆಯ ಕೊಠಡಿ ಸಿದ್ಧವಿರುವ ಆಸ್ಪತ್ರೆಯಲ್ಲಿ ಮಾತ್ರ ಮಾಡುತ್ತೇವೆ. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದರೆ, ಇತ್ತೀಚೆಗೆ ರಕ್ತ ಕಾಣಿಸಿಕೊಂಡಿದ್ದರೆ, ನೀರು ಒಡೆದಿದ್ದರೆ, ಅವಳಿಯಾದರೆ, ಮಗುವಿನ ಬಡಿತದ ದಾಖಲೆ ಸರಿಯಿಲ್ಲದಿದ್ದರೆ ಮಾಡುವುದಿಲ್ಲ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ, ಮರೆಯದೆ ಹೇಳಿ. ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲ ಪ್ರಸೂತಿ ತಜ್ಞರೂ ಇದನ್ನು ಮಾಡುವುದಿಲ್ಲ. ಅಭ್ಯಾಸ ತಪ್ಪಿದವರು ಸುದ್ದಿಯನ್ನೇ ಎತ್ತದಿರುವುದುಂಟು. ನೀವಾಗಿ ಕೇಳಿ: ‘ನೀವು ಇ.ಸಿ.ವಿ. ಮಾಡುತ್ತೀರಾ, ಇಲ್ಲವಾದರೆ ಯಾರ ಬಳಿ ಕಳುಹಿಸುತ್ತೀರಿ?’ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿಗೆ ಒಂದು ಸಲ ಹೋಗುವುದೇ ಆದರೆ ಈ ಕೆಲಸಕ್ಕೆ ಹೋಗಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಏರ್ಪಾಡಿಗೆ ಸಮಯ ಹಿಡಿಯುವುದರಿಂದ 35ನೇ ವಾರದಲ್ಲಿಯೇ ಮಾತಾಡಿಟ್ಟುಕೊಳ್ಳಿ.

ಶಾಖದ ವಿಷಯ. ಅದರ ಹೆಸರು ಮಾಕ್ಸಿಬಶ್ಚನ್. ಗಣೇಶನ ಹಬ್ಬದ ಪತ್ರೆಗಳಲ್ಲಿ ಬರುವ ಮಾಚಿಪತ್ರೆಯ ಜಾತಿಯ ಗಿಡದ ಒಣಗಿದ ಎಲೆಯನ್ನು ಸುತ್ತಿ ಹೊತ್ತಿಸಿ, ಕಾಲಿನ ಕಿರುಬೆರಳಿನ ಉಗುರಿನ ಪಕ್ಕಕ್ಕೆ ಶಾಖ ತಾಗಿಸುತ್ತಾರೆ. ಅಚ್ಚರಿಯೆನಿಸಿದರೂ, ಕೈರೋಪ್ರಾಕ್ಟಿಕ್‌ಗೆ ಇಲ್ಲದ ಒಂದು ಬಲ ಇದಕ್ಕಿದೆ: ಗುಂಪು ಮಾಡಿ ಹೋಲಿಸಿದ ಪ್ರಯೋಗಗಳು ನಡೆದಿವೆ. ಅವುಗಳನ್ನೆಲ್ಲ ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಮಾಮೂಲಿ ಆರೈಕೆಯ ಜೊತೆಗೆ ಇದನ್ನೂ ಮಾಡಿದರೆ ಹೆರಿಗೆಯ ವೇಳೆ ಬ್ರೀಚ್ ಉಳಿಯುವ ಸಂಭವ ತುಸು ತಗ್ಗಬಹುದು, ಆದರೆ ಸಿಸೇರಿಯನ್ ಪ್ರಮಾಣ ಇಳಿದದ್ದು ಕಂಡುಬಂದಿಲ್ಲ. ತಿಳಿದವರಿಂದ ಮಾಡಿಸಿಕೊಳ್ಳುವುದಾದರೆ ನನ್ನ ಅಡ್ಡಿಯಿಲ್ಲ. ಹೊಗೆಗೆ ಕಿಟಕಿ ತೆರೆದಿರಲಿ. ಮಂಡಿಯೂರುವ ಆಸನದಿಂದ ಮಗು ತಿರುಗುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ, ತಲೆ ಸುತ್ತದಿದ್ದರೆ ಮಾಡಿಕೊಳ್ಳಿ.

ಯಾವುದೂ ಫಲಿಸದಿದ್ದರೆ ಸಿಸೇರಿಯನ್. ಅದನ್ನು ಸೋಲೆಂದು ಎಣಿಸಬೇಡಿ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 26 ದೇಶಗಳ 2,088 ತಾಯಂದಿರ ಪ್ರಯೋಗದಲ್ಲಿ, ಮೊದಲೇ ನಿಶ್ಚಯಿಸಿದ ಸಿಸೇರಿಯನ್ ಗುಂಪಿನಲ್ಲಿ ಶಿಶುಮರಣ ಅಥವಾ ಗಂಭೀರ ತೊಂದರೆ ಶೇ. 1.6 ಇದ್ದರೆ, ಸಹಜ ಹೆರಿಗೆಗೆ ಬಿಟ್ಟ ಗುಂಪಿನಲ್ಲಿ ಶೇ. 5 ಇತ್ತು. ಎರಡು ವರ್ಷದ ನಂತರ ಅದೇ ಮಕ್ಕಳಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಉಳಿದಿರಲಿಲ್ಲ ಎಂಬುದೂ ನಿಜ; ಹಾಗಾಗಿ ನುರಿತವರಿರುವ ಕಡೆ ಬ್ರೀಚ್ ಶಿಶುವಿನ ಸಹಜ ಹೆರಿಗೆಯನ್ನು ಈಗಲೂ ಆಯ್ದ ತಾಯಂದಿರಿಗೆ ಮಾಡಿಸುತ್ತಾರೆ. ಆದರೆ ಆ ಪ್ರಯೋಗದ ನಂತರ ಕಲಿತ ನಮ್ಮ ಪೀಳಿಗೆಯ ವೈದ್ಯರಲ್ಲಿ ಆ ಕೈಚಳಕ ಕಡಿಮೆ. ಚೊಚ್ಚಲಿನಲ್ಲಿ, ತಾಲ್ಲೂಕು ಮಟ್ಟದಲ್ಲಿ, ನಾನು ಅದಕ್ಕೆ ಒಪ್ಪುವುದಿಲ್ಲ.

ಮುಂದಿನ ಸ್ಕ್ಯಾನಿಂಗ್‌ನಲ್ಲಿ ಬ್ರೀಚ್ ಯಾವ ಬಗೆಯದೆಂದು ಬರೆಸಿಕೊಳ್ಳಿ. ಕಾಲುಗಳನ್ನು ಮುಖದವರೆಗೆ ನೇರ ಚಾಚಿಕೊಂಡಿದೆಯೇ, ಚಕ್ಕಳಮಕ್ಕಳ ಹಾಕಿ ಕುಳಿತಿದೆಯೇ, ಒಂದು ಪಾದ ಕೆಳಗೆ ಇಳಿಬಿಟ್ಟಿದೆಯೇ ಎಂಬುದರಿಂದ ಮುಂದಿನ ತೀರ್ಮಾನಗಳು ಬದಲಾಗುತ್ತವೆ. ಇನ್ನೊಂದು ಮಾತನ್ನು ಎಲ್ಲರೂ ಮರೆಯುತ್ತಾರೆ: 36ನೇ ವಾರದ ನಂತರವೂ ಬ್ರೀಚ್ ಆಗಿದ್ದ ಮಗು ಹೇಗೆಯೇ ಹುಟ್ಟಲಿ, ಆಮೇಲೆ ತಿರುಗಿಯೇ ಹುಟ್ಟಿರಲಿ, ಸುಮಾರು ಆರು ವಾರಕ್ಕೆ ಅದರ ಸೊಂಟದ ಕೀಲುಗಳ ಸ್ಕ್ಯಾನಿಂಗ್ ಮಾಡಿಸಬೇಕು. ಇಂಥ ಮಕ್ಕಳಲ್ಲಿ ತೊಡೆಮೂಳೆಯ ಗುಂಡು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದಿರುವ ಸಂಭವ ಹೆಚ್ಚು. ಬೇಗ ಗೊತ್ತಾದರೆ ಪಟ್ಟಿ ಕಟ್ಟಿಯೇ ಸರಿಪಡಿಸಬಹುದು.

ಉತ್ತರ 5: ನಿವೃತ್ತ ಶುಶ್ರೂಷಕಿ, ತುಮಕೂರು

ಡಾಕ್ಟರಮ್ಮನವರು ಎಲ್ಲವನ್ನೂ ಹೇಳಿದ್ದಾರೆ. ಹಳ್ಳಿಯಲ್ಲಿರುವವರಿಗೆ ಬೇಕಾದದ್ದೊಂದನ್ನು ಸೇರಿಸುತ್ತೇನೆ. ಬ್ರೀಚ್ ಇರುವಾಗ, ಅದರಲ್ಲೂ ಪಾದ ಕೆಳಗಿರುವಾಗ, ನೀರು ಒಡೆದರೆ ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲು ಜಾರಿ ಬರುವ ಭಯವಿದೆ. ನೋವು ಶುರುವಾಗಲಿ ಎಂದು ಮನೆಯಲ್ಲಿ ಕಾಯಬೇಡಿ, ಕಾಫಿ ಕಾಯಿಸಿಕೊಂಡು ಹೊರಡುವ ಹೊತ್ತಲ್ಲ ಅದು. ತಕ್ಷಣ 108ಕ್ಕೆ ಕರೆ ಮಾಡಿ, ‘ಬ್ರೀಚ್, ನೀರು ಒಡೆದಿದೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಬಳ್ಳಿ ಹೊರಗೆ ಕಂಡರೆ ಅದನ್ನು ಎಳೆಯಬಾರದು, ಒಳಗೆ ತುರುಕಲೂ ಬಾರದು. ಮಂಡಿ ಮತ್ತು ಎದೆಯೂರಿ ಕುಂಡೆ ಎತ್ತಿಕೊಂಡಿರಿ, ವಾಹನದಲ್ಲಿ ಎಡಮಗ್ಗುಲಾಗಿ ಮಲಗಿ ಸೊಂಟದ ಕೆಳಗೆ ದಿಂಬು ಕೊಡಿ. ಸಿಸೇರಿಯನ್ ಸೌಲಭ್ಯವಿಲ್ಲದ ಹತ್ತಿರದ ಆಸ್ಪತ್ರೆಗಿಂತ ಅದಿರುವ ತುಮಕೂರಿನ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯುವಂತೆ ನಿಮ್ಮ ಆಶಾ ಕಾರ್ಯಕರ್ತೆಯ ಜೊತೆ ಈ ವಾರವೇ ಮಾತಾಡಿ, ಆಸ್ಪತ್ರೆಯ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ.